ಒಂದು ‘ಎಸ್’ ಹಿಂದೆ ಬಿದ್ದು

ಚೀನೀ ಭಾಷೆಯಲ್ಲಿ ಬಹುವಚನಕ್ಕೆ ‘ಎಸ್’ ಥರದ ಬಾಲ ಇಲ್ಲ. ಒಂದು ಪುಸ್ತಕಕ್ಕೂ ‘ಶೂ’, ನೂರು ಪುಸ್ತಕಕ್ಕೂ ‘ಶೂ’. ಜನರ ವಿಷಯಕ್ಕೆ ಮಾತ್ರ ಕೊನೆಗೆ ‘ಮೆನ್’ ಅಂತ ಸೇರಿಸುವುದುಂಟು. ಅದೂ ಎಷ್ಟು ಜನ ಅಂತ ಸಂಖ್ಯೆ ಹೇಳಿಬಿಟ್ಟರೆ ಸೇರಿಸುವ ಹಾಗಿಲ್ಲ. ಇಂಥ ಭಾಷೆ ಆಡಿ ಬೆಳೆದವರು ಇಂಗ್ಲಿಷ್ ಬರೆಯುವಾಗ ‘ಎಸ್’ ಮರೆಯಬೇಕು. ‘ಟೂ ಬುಕ್’, ‘ತ್ರೀ ಸ್ಟೂಡೆಂಟ್’ ಅಂತ ಬರೆಯಬೇಕು. ಬರೆಯುತ್ತಾರೆ ಕೂಡ. ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ನನ್ನ ತಲೆ ತಿನ್ನುತ್ತಿದ್ದದ್ದು ಬೇರೆ. ಬೇಡದ ಕಡೆ ‘ಎಸ್’ ಯಾಕೆ ಬರುತ್ತದೆ? ಇಂಗ್ಲಿಷಿನಲ್ಲಿ ‘ರಿಸರ್ಚ್’ ಅನ್ನುವ ನಾಮಪದಕ್ಕೆ ಈಗ ‘ಎಸ್’ ಹಚ್ಚುವುದಿಲ್ಲ. ‘ಮೆನಿ ರಿಸರ್ಚಸ್ ಹ್ಯಾವ್ ಶೋನ್’ ಅನ್ನುವ ವಾಕ್ಯ ಬರೆಯುವವರಿಗೆ ಆ ಬಾಲ ಎಲ್ಲಿಂದ ಸಿಕ್ಕಿತು?

ನಮ್ಮವರು ‘ರಿಸರ್ಚಸ್’ ಅಂತ ಬರೆದರೆ ಕಾರಣ ಹುಡುಕಬೇಕಿಲ್ಲ. ಕನ್ನಡದಲ್ಲಿ ಸಂಶೋಧನೆಗಳು ಇವೆ, ಮಾಹಿತಿಗಳು ಇವೆ, ಸಲಹೆಗಳು, ಪುರಾವೆಗಳು, ಉಪಕರಣಗಳು ಎಲ್ಲ ಇವೆ. ‘ಗಳು’ ಇದ್ದ ಕಡೆ ‘ಎಸ್’ ಅಂಟಿಸಿದರೆ ಆಯಿತು. ‘ಫರ್ನಿಚರ್ಸ್’ ಅಂತ ಬೋರ್ಡು ಹಾಕಿದ ಅಂಗಡಿ ನಮ್ಮ ಯಾವ ಊರಲ್ಲಿ ಇಲ್ಲ ಹೇಳಿ. ಆದರೆ ಚೀನೀಯರ ಹತ್ತಿರ ‘ಗಳು’ ಇಲ್ಲವಲ್ಲ!

ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಮೈಸೂರಿನ ಮನೆಯಲ್ಲೇ ಕೂತು ಬೇರೆ ದೇಶದ ಸಂಶೋಧಕರ ಪ್ರಬಂಧಗಳ ಇಂಗ್ಲಿಷ್ ತಿದ್ದುವುದು ನನ್ನ ಕೆಲಸ. ಈ ಕೆಲಸ ಮಾಡುವವರು ನಮ್ಮ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ನನ್ನ ಹತ್ತಿರ ಬರುವುದರಲ್ಲಿ ಹೆಚ್ಚಿನವು ಚೀನಾದವು. ವುಹಾನ್, ಹಾರ್ಬಿನ್, ಚೆಂಗ್ಡು, ಲಾಂಝೌ. ಇವತ್ತು ಲಿಥಿಯಂ ಬ್ಯಾಟರಿ, ನಾಳೆ ಭತ್ತದ ಜೀನು, ನಾಡಿದ್ದು ಸುರಂಗದ ಗೋಡೆಯ ಬಿರುಕು. ವಿಷಯ ಬದಲಾಗುತ್ತದೆ, ಪೀಠಿಕೆ ಬದಲಾಗುವುದಿಲ್ಲ. ‘ಸ್ಕಾಲರ್ಸ್ ಅಟ್ ಹೋಮ್ ಅಂಡ್ ಅಬ್ರಾಡ್’ ಏನೇನು ಮಾಡಿದ್ದಾರೆ ಅಂತ ಶುರುವಾಗುತ್ತದೆ. ದೇಶದೊಳಗೆ ಮತ್ತು ಹೊರಗೆ ಈ ವಿಷಯದಲ್ಲಿ ಏನು ಕೆಲಸ ಆಗಿದೆ ಅಂತ ಬರೆಯುವುದು ಅಲ್ಲಿನ ಥೀಸಿಸ್‌ಗಳಲ್ಲಿ ಪದ್ಧತಿ. ಬ್ರೆಜಿಲ್‌ನಲ್ಲಿ ಕೂತು ಓದುವವನಿಗೆ ‘ಹೋಮ್’ ಅಂದರೆ ಯಾವುದು ಅಂತ ಗೊತ್ತಾಗುವುದಿಲ್ಲ, ಹಾಗಾಗಿ ತೆಗೆಯುತ್ತೇನೆ. ಅದರ ಬೆನ್ನಿಗೇ ‘ರಿಸರ್ಚಸ್’ ಬರುತ್ತದೆ, ಇಲ್ಲವೇ ‘ಎ ರಿಸರ್ಚ್’. ಅದನ್ನೂ ತೆಗೆಯುತ್ತೇನೆ. ‘ಇನ್ಫರ್ಮೇಷನ್ಸ್’ ಅಂತ ಬರೆದರೆ ಕಂಪ್ಯೂಟರೇ ಕೆಂಪು ಗೆರೆ ಎಳೆದು ಹೇಳುತ್ತದೆ. ‘ರಿಸರ್ಚಸ್’ಗೆ ಆ ಅದೃಷ್ಟ ಇಲ್ಲ. ಕ್ರಿಯಾಪದವಾಗಿ ಅದು ಸರಿಯಾದ ರೂಪ: ‘ಶೀ ರಿಸರ್ಚಸ್ ಬ್ಯಾಟರೀಸ್’. ಸ್ಪೆಲ್ ಚೆಕ್ ಸುಮ್ನೆ ಬಿಟ್ಟುಬಿಡುತ್ತದೆ. ಹಾಗಾಗಿ ನಮ್ಮಂಥವರಿಗೆ ಕೂಲಿ.

ಒಂದು ಮಾರು ನದಿ

ಕಾರಣ ಹುಡುಕೋಣ ಅಂತಲೇ ಏನಲ್ಲ, ದಿನಾ ಓದುವ ಇಂಗ್ಲಿಷಿನ ಹಿಂದೆ ಯಾವ ಭಾಷೆ ಇದೆ ಅಂತ ನೋಡುವ ಆಸೆಗೆ ಸ್ವಲ್ಪ ದಿನ ಆನ್‌ಲೈನಿನಲ್ಲಿ ಚೀನೀ ಪಾಠಕ್ಕೆ ಸೇರಿದ್ದೆ. ಪಾಠ ಮಾಡುತ್ತಿದ್ದವರು ಯುನ್ನಾನ್ ಕಡೆಯ ಮೇಡಂ. ಮೊದಲ ವಾರದಲ್ಲೇ ಎಣಿಸುವುದು ಹೇಳಿಕೊಟ್ಟರು. ನಾನು ಹುರುಪಿನಲ್ಲಿ ‘ಸಾನ್ ಶೂ’ ಅಂದೆ, ಮೂರು ಪುಸ್ತಕ ಅಂತ. ಅವರು ತಲೆ ಅಲ್ಲಾಡಿಸಿದರು. ‘ಸಾನ್ ಬೆನ್ ಶೂ’ ಅನ್ನಬೇಕು. ಸಂಖ್ಯೆ ಆದಮೇಲೆ ನಡುವೆ ಒಂದು ಅಳತೆಯ ಪದ ಬರಲೇಬೇಕು. ಪುಸ್ತಕಕ್ಕೆ ‘ಬೆನ್’. ಕಾಗದ, ಮೇಜು, ಹಾಸಿಗೆ ಥರದ ಹರಡಿಕೊಂಡ ವಸ್ತುಗಳಿಗೆ ‘ಝಾಂಗ್’. ಯಂತ್ರಕ್ಕೆ ‘ತಾಯ್’. ಸಾಮಾನು ಸರಂಜಾಮಿಗೆ ‘ಜಿಯೆನ್’. ಯಾವುದಕ್ಕೆ ಯಾವುದು ಅಂತ ನಾಮಪದದ ಜೊತೆಗೇ ಕಲಿಯಬೇಕು.

ನನಗೆ ಇಷ್ಟವಾಗಿದ್ದು ‘ತಿಯಾವ್’. ಉದ್ದಕ್ಕೆ, ಬಳುಕುವ ಹಾಗೆ ಇರುವುದಕ್ಕೆಲ್ಲ ಅದು. ಮೀನಿಗೆ ತಿಯಾವ್, ಹಾವಿಗೆ ತಿಯಾವ್. ನದಿಗೆ, ರಸ್ತೆಗೆ, ಪ್ಯಾಂಟಿಗೂ ಅದೇ. ನಾನು ಅವರಿಗೆ ನಮ್ಮ ಮಾರ್ಕೆಟ್ಟಿನ ಹೂವಿನ ವಿಷಯ ಹೇಳಿದೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೇಳುವಾಗ ‘ಒಂದು ಮಲ್ಲಿಗೆ ಕೊಡಿ’ ಅಂದರೆ ಹೂವಿನಮ್ಮ ಮುಖ ನೋಡುತ್ತಾಳೆ. ‘ಒಂದು ಮಾರು’ ಅನ್ನಬೇಕು, ಇಲ್ಲ ‘ಎರಡು ಮೊಳ’. ಬಾಳೆಹಣ್ಣಿಗೆ ಚಿಪ್ಪು, ಬೆಳ್ಳುಳ್ಳಿಗೆ ಎಸಳು, ಸೊಪ್ಪಿಗೆ ಕಟ್ಟು. ಮೇಡಂ ಖುಷಿಯಾಗಿ, ‘ನದಿಗೆ ನೀವು ಮಾರು ಹಾಕುತ್ತೀರಾ’ ಅಂತ ಕೇಳಿದರು. ಇಲ್ಲ, ನದಿಗೆ ಏನೂ ಹಾಕುವುದಿಲ್ಲ, ಸುಮ್ನೆ ‘ಒಂದು ನದಿ’ ಅಂದೆ. ‘ಹಾಗಾದರೆ ನಿಮ್ಮದು ಅರ್ಧಂಬರ್ಧ’ ಅಂತ ನಕ್ಕರು.

ಅವರು ಅಂದದ್ದು ನಿಜ. ನಾವು ಹೂವು, ಹಣ್ಣು, ಸೊಪ್ಪಿನ ಹತ್ತಿರ ಮಾತ್ರ ಮಾಡುವುದನ್ನು ಅವರು ಎಲ್ಲದಕ್ಕೂ ಮಾಡುತ್ತಾರೆ. (ಜನರನ್ನು ಎಣಿಸುವಾಗ ನಮ್ಮದೂ ಬೇರೆ ದಾರಿ. ‘ಎರಡು ಹುಡುಗ’ ಅನ್ನುವುದಿಲ್ಲ, ‘ಇಬ್ಬರು ಹುಡುಗರು’. ತೆಂಗಿನಕಾಯಿ ಹತ್ತಾದರೂ ‘ಗಳು’ ಬೇಡ, ‘ಹತ್ತು ತೆಂಗಿನಕಾಯಿ’ ಸಾಕು. ಈ ವಿಷಯದಲ್ಲಿ ನಾವು ಇಂಗ್ಲಿಷಿಗಿಂತ ಚೀನೀ ಭಾಷೆಗೇ ಹತ್ತಿರ ಅಂತ ನನಗೆ ಅನಿಸುತ್ತದೆ.) ಇಂಗ್ಲಿಷಿನಲ್ಲಿ ‘ರೈಸ್’, ‘ವಾಟರ್’ ಮುಂತಾದವನ್ನು ನೇರವಾಗಿ ಎಣಿಸಲು ಬರುವುದಿಲ್ಲ, ನಡುವೆ ಕಪ್ಪೋ ಗ್ಲಾಸೋ ಬೇಕು. 1998ರಲ್ಲಿ ಜೆನ್ನಾರೊ ಕಿಯೆರ್ಕಿಯಾ ಎಂಬ ಭಾಷಾಶಾಸ್ತ್ರಜ್ಞರು ಚೀನೀ ಭಾಷೆಯ ನಾಮಪದಗಳೆಲ್ಲ ಆ ‘ರೈಸ್’ ಜಾತಿಯವೇ ಎಂದು ವಾದಿಸಿದರು. ಮರುವರ್ಷವೇ ಲಿಸಾ ಚೆಂಗ್ ಮತ್ತು ರಿಂಟ್ ಸೈಬೆಸ್ಮಾ ಅದನ್ನು ಒಪ್ಪಲಿಲ್ಲ. ಅಲ್ಲೂ ಎರಡು ಬಗೆ ಇದೆ, ಆದರೆ ಅದು ನಾಮಪದದಲ್ಲಿ ಅಲ್ಲ, ಅಳತೆ ಪದದ ನಡವಳಿಕೆಯಲ್ಲಿ ಕಾಣುತ್ತದೆ ಅಂದರು. ಆ ಜಗಳ ಅವರಿಗೇ ಇರಲಿ. ನನಗೆ ಬೇಕಾದದ್ದು ಇಷ್ಟು: ಸರಿಯಾದ ಅಳತೆ ಪದ ಸಿಕ್ಕರೆ ಚೀನೀ ಭಾಷೆಯಲ್ಲಿ ಎಣಿಸಲಾಗದ್ದು ಅಂತ ಯಾವುದೂ ಇಲ್ಲ. ಸುದ್ದಿಯನ್ನೂ ಎಣಿಸಬಹುದು, ಮಾಹಿತಿಯನ್ನೂ ಎಣಿಸಬಹುದು. ಅದಕ್ಕೂ ಅದೇ ತಿಯಾವ್! ಹಾವು, ನದಿ, ಪ್ಯಾಂಟಿನ ಸಾಲಿನಲ್ಲೇ ಸುದ್ದಿಯೂ ನಿಂತಿದೆ. ಪೀಠೋಪಕರಣಕ್ಕೆ ಜಿಯೆನ್, ಲಗೇಜಿಗೆ ಜಿಯೆನ್, ಲ್ಯಾಬಿನ ಯಂತ್ರಕ್ಕೆ ತಾಯ್. ಸಂಶೋಧನೆಗೆ ‘ಶಿಯಾಂಗ್’. ‘ಯೀ ಶಿಯಾಂಗ್ ಯಾನ್‌ಜಿಯೂ’, ಒಂದು ಸಂಶೋಧನೆ. ‘ಸಾನ್ ಶಿಯಾಂಗ್ ಯಾನ್‌ಜಿಯೂ’, ಮೂರು ಸಂಶೋಧನೆ. ಅವರ ಬಾಯಲ್ಲಿ ಅದು ಪುಸ್ತಕದಷ್ಟೇ ಸಲೀಸಾಗಿ ಎಣಿಕೆಗೆ ಸಿಗುತ್ತದೆ.

ಆದರೆ ಇದರಿಂದ ಪೂರ್ತಿ ಉತ್ತರ ಸಿಗಲಿಲ್ಲ. ಎಣಿಸಬಹುದು ಅನ್ನುವ ನಂಬಿಕೆ ಇಲ್ಲಿಂದ ಬಂತು, ಸರಿ. ‘ಎಸ್’ ಹಾಕಲೇಬೇಕು ಅನ್ನುವ ಹಟ ಎಲ್ಲಿಂದ?

ಹೆಂಡತಿ, ಚಾಕು, ತೋಳ

ಅದು ಪರೀಕ್ಷೆಯಿಂದ ಅಂತ ಈಗ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಗಾವೊಕಾವೊ ಗೊತ್ತಲ್ಲ, ಚೀನಾದ ಕಾಲೇಜು ಪ್ರವೇಶ ಪರೀಕ್ಷೆ. 2024ರಲ್ಲಿ ಅದಕ್ಕೆ ಹೆಸರು ನೋಂದಾಯಿಸಿದವರು 1.34 ಕೋಟಿ. ಹೆಚ್ಚಿನ ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ, ಅದರಲ್ಲಿ ಇಂಗ್ಲಿಷಿಗೆ 150. ಆ ಪತ್ರಿಕೆಯಲ್ಲಿ ಬಹಳ ವರ್ಷ ಒಂದು ಪ್ರಶ್ನೆ ಇತ್ತು: ಒಂದು ಪುಟ್ಟ ಬರಹ ಕೊಡುತ್ತಾರೆ, ಅದರಲ್ಲಿ ಹತ್ತು ತಪ್ಪು ಅಡಗಿಸಿ ಇಟ್ಟಿರುತ್ತಾರೆ. ಹುಡುಕಿ ತಿದ್ದಬೇಕು. ಪದ ಬಿಟ್ಟುಹೋಗಿದ್ದರೆ ಅಲ್ಲಿ ಟೋಪಿ ಗುರುತು, ಹೆಚ್ಚಾಗಿದ್ದರೆ ಓರೆ ಗೆರೆ, ತಪ್ಪಿದ್ದರೆ ಕೆಳಗೆ ಅಡ್ಡಗೆರೆ ಎಳೆದು ಸರಿಯಾದ ಪದ. ನನ್ನ ಕೆಲಸವನ್ನೇ ಹದಿನೆಂಟು ವರ್ಷದ ಮಕ್ಕಳಿಗೆ ಕೊಟ್ಟ ಹಾಗೆ! ಹೊಸ ಮಾದರಿಯ ಪತ್ರಿಕೆಗಳಲ್ಲಿ ಇದನ್ನು ಕೈಬಿಟ್ಟಿದ್ದಾರೆ. ಆದರೆ ಇವತ್ತು ಪ್ರಬಂಧ ಬರೆಯುತ್ತಿರುವ ಪೀಳಿಗೆ ಇದನ್ನು ದಾಟಿಕೊಂಡೇ ಬಂದದ್ದು. ಆ ಹತ್ತರಲ್ಲಿ ನಾಮಪದದ ‘ಎಸ್’ ಬಿಟ್ಟುಹೋದ ತಪ್ಪು ಖಾಯಂ ಗಿರಾಕಿ. ‘ಮೆನಿ’ ಕಂಡ ಕೂಡಲೇ ಕಣ್ಣು ಮುಂದಿನ ಪದದ ತುದಿಗೆ ಓಡಬೇಕು. ಹಾಗೆ ಪಳಗಿಸುತ್ತಾರೆ.

ಬಹುವಚನ ನೆನಪಿಡಲು ಮಕ್ಕಳಿಗೆ ಬಾಯಿಪಾಠದ ಪದ್ಯಗಳೂ ಇವೆ. ‘ಎಫ್’ನಿಂದ ಮುಗಿಯುವ ಪದಗಳು ‘ವೀಸ್’, ‘ವ್ಸ್’ ಅಂತ ಆಗುತ್ತವಲ್ಲ, ಅದಕ್ಕೊಂದು ಪದ್ಯ ಮೇಡಂ ಹೇಳಿ ತೋರಿಸಿದರು. ಅದರ ಕಥೆ ಹೀಗೆ: ಎಲೆಗಳಲ್ಲಿ ಅರ್ಧ ತಾವಾಗಿಯೇ ಹಳದಿಯಾದವು, ಹೆಂಡತಿ ಚಾಕು ಹಿಡಿದು ಪೈರು ಕೊಯ್ಯಲು ಹೋದಳು, ಕಪಾಟಿನ ಹಿಂದಿನಿಂದ ತೋಳ ನೆಗೆಯಿತು, ಕಳ್ಳನ ಹಾಗೆ ಜೀವ ಉಳಿಸಿಕೊಳ್ಳಲು ಓಡಿತು. ಲೀಫ್, ಹಾಫ್, ಸೆಲ್ಫ್, ವೈಫ್, ನೈಫ್, ಲೋಫ್, ಶೆಲ್ಫ್, ವುಲ್ಫ್, ಥೀಫ್, ಲೈಫ್. ಎಲ್ಲ ಬಂದವು. ನಾಲ್ಕು ಸಾಲಿನಲ್ಲಿ ಸಿನಿಮಾ ಮುಗಿಯಿತು. ಮೇಡಂ ಈಗ ಇಂಗ್ಲಿಷ್ ಮಾತಾಡುವುದೇ ಕಮ್ಮಿ, ಆದರೆ ಈ ಪದ್ಯ ಮಾತ್ರ ಒಂದೇ ಉಸಿರಿಗೆ ಬಂತು.

ಹೀಗೆ ಕಲಿತವರಿಗೆ ‘ಎಸ್’ ಬಿಡುವುದು ಅಂದರೆ ಅಂಕ ಬಿಡುವುದು. ಅನುಮಾನ ಬಂದರೆ ಹಾಕು ಅಂತ ಕೈ ಹೇಳುತ್ತದೆ. ಭಾಷೆಯಲ್ಲಿ ಇಲ್ಲದ್ದನ್ನು ಭಯದಿಂದ ಕಲಿತಾಗ ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಬರುತ್ತದೆ. ನಮ್ಮಲ್ಲಿ ‘ಹಕ್ಕಿ’ಯನ್ನು ‘ಅಕ್ಕಿ’ ಅಂದವನಿಗೆ ಬೈದು ತಿದ್ದಿದರೆ, ಮುಂದೆ ಅವನು ‘ಅ’ ಇದ್ದ ಕಡೆಯೂ ‘ಹ’ ಅನ್ನತೊಡಗುತ್ತಾನೆ, ಅಲ್ವಾ? ಹಾಗಾಗಿ ಆ ಹೆಚ್ಚುವರಿ ‘ಎಸ್’ ಕಂಡಾಗ ‘ಇವರಿಗೆ ವ್ಯಾಕರಣ ಬರಲ್ಲ’ ಅನ್ನುವ ಜೊತೆಗಾರರ ಮಾತನ್ನು ನಾನು ಒಪ್ಪುವುದಿಲ್ಲ. ವ್ಯಾಕರಣದ ಬಗ್ಗೆ ಗಮನವೇ ಇಲ್ಲದವನು ‘ಎಸ್’ ಬಿಡುತ್ತಾನೆ. ಹೆಚ್ಚಿಗೆ ಹಾಕುವವನು ಜಾಸ್ತಿ ಗಮನ ಕೊಟ್ಟವನು.

ಸ್ಟಡಿ ಅನ್ನುವ ಪದ ಎಲ್ಲಿ ಹೋಯಿತು

ಇಷ್ಟಾದರೂ ಒಂದು ಗಂಟು ಉಳಿದಿತ್ತು. ಇಂಗ್ಲಿಷಿನಲ್ಲಿ ಎಣಿಕೆಗೆ ಬೇರೆ ಪದವೇ ಇದೆಯಲ್ಲ. ‘ರಿಸರ್ಚ್’ ಅಂದರೆ ಕೆಲಸದ ಒಟ್ಟು ರಾಶಿ. ಅದರಲ್ಲಿ ಒಂದನ್ನು ಎತ್ತಿ ತೋರಿಸಬೇಕಾದರೆ ‘ಎ ಸ್ಟಡಿ’. ‘ಮೆನಿ ಸ್ಟಡೀಸ್ ಹ್ಯಾವ್ ಶೋನ್’ ಅಂದರೆ ಮುಗಿಯಿತು. ಈ ಸಲೀಸಾದ ಪದ ಅವರ ಕೈಗೆ ಯಾಕೆ ಸಿಗುವುದಿಲ್ಲ?

ಇದಕ್ಕೆ ಉತ್ತರ ಸಿಕ್ಕಿದ್ದು ಚೆಂಗ್ಡುವಿನ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯಿಂದ. ಸಾಮಾನ್ಯವಾಗಿ ಲೇಖಕರು ನಾವು ತಿದ್ದಿದ್ದನ್ನು ಒಪ್ಪಿಕೊಂಡು ಫೈಲ್ ಮುಚ್ಚುತ್ತಾರೆ. ಇವರು ಅಂಚಿನಲ್ಲಿ ಕಾಮೆಂಟ್ ಹಾಕಿ ಫೈಲ್ ವಾಪಸ್ ಕಳಿಸಿದ್ದರು. ನನ್ನನ್ನು ‘ಡಿಯರ್ ಟೀಚರ್’ ಅಂತ ಕರೆದಿದ್ದರು. ಅಲ್ಲಿ ಹಾಗೆಯೇ. ಪಾಠ ಹೇಳದಿದ್ದರೂ ತಿದ್ದುವವರು, ಅಚ್ಚು ಹಾಕುವವರು, ಗೌರವ ಕೊಡಬೇಕಾದವರೆಲ್ಲ ‘ಲಾವ್‌ಷೀ’. ಕಾಮೆಂಟಿನ ಸಾರ ಇಷ್ಟು: ‘ಟೀಚರ್, ಎಕ್ಸ್‌ಪರಿಮೆಂಟ್ ಎಣಿಸಬಹುದು ಅಂತೀರಿ, ಪೇಪರ್ ಎಣಿಸಬಹುದು ಅಂತೀರಿ. ನಾನು ಎಂಟು ಸಂಶೋಧನೆ ಓದಿದ್ದೇನೆ. ಎಂಟೂ ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ಜನ ಮಾಡಿದ್ದು. ಅದನ್ನು ಎಣಿಸಬಾರದು ಅಂದರೆ ಹೇಗೆ? ನೀವು ಸ್ಟಡೀಸ್ ಅಂತ ಹಾಕಿದ್ದೀರಿ. ಆದರೆ ಅವರು ಅಲ್ಲಿ ಓದಿಕೊಂಡಿಲ್ಲ, ಸಂಶೋಧನೆ ಮಾಡಿದ್ದಾರೆ.’

ಕೊನೆಯ ವಾಕ್ಯ ಓದಿದಾಗ ಹೊಳೆಯಿತು. ಚೀನೀ ಮಕ್ಕಳು ‘ಸ್ಟಡಿ’ ಕಲಿಯುವುದು ತೀರಾ ಚಿಕ್ಕಂದಿನಲ್ಲಿ. ಅದರ ಮುಂದೆ ಬರೆದಿರುವ ಅರ್ಥ ‘ಶುಎಶೀ’, ಓದುವುದು, ಕಲಿಯುವುದು. ‘ರಿಸರ್ಚ್’ ಬರುವುದು ಎಷ್ಟೋ ವರ್ಷ ಆದಮೇಲೆ, ಪದಪಟ್ಟಿಯ ಪುಸ್ತಕದಲ್ಲಿ, ‘ಯಾನ್‌ಜಿಯೂ’ ಅನ್ನುವ ಅರ್ಥ ಹೊತ್ತು. ಆ ಪದಪಟ್ಟಿಗಳ ಬಗ್ಗೆ ಅವರಲ್ಲೇ ಒಂದು ಜೋಕ್ ಇದೆ. ಅಕ್ಷರಮಾಲೆ ಪ್ರಕಾರ ಜೋಡಿಸಿರುವುದರಿಂದ ಮೊದಲ ಪುಟದಲ್ಲೇ ‘ಅಬ್ಯಾಂಡನ್’, ಕೈಬಿಡು, ಅಂತ ಇರುತ್ತದೆ. ಹುಡುಗರು ಅದೊಂದು ಪದ ಕಲಿತು, ಹೇಳಿದ ಹಾಗೆಯೇ ಮಾಡುತ್ತಾರಂತೆ. ಅದಿರಲಿ. ಹೀಗೆ ಎರಡು ಪದ ಎರಡು ಬೇರೆ ಗೂಡಿನಲ್ಲಿ ಕೂತುಬಿಟ್ಟವು. ‘ಸ್ಟಡಿ’ ಶಾಲೆಯ ಹುಡುಗರದ್ದು. ‘ರಿಸರ್ಚ್’ ವಿಜ್ಞಾನಿಗಳದ್ದು. ಪಿಎಚ್‌ಡಿ ಮಾಡುವವರು ತಮ್ಮ ಕೆಲಸಕ್ಕೆ ಹೋಮ್‌ವರ್ಕಿನ ಪದ ಹಾಕಿಕೊಳ್ಳಲು ಯಾಕೆ ಒಪ್ಪುತ್ತಾರೆ? ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಜೋಡಿ, ಒಂದು ರಾಶಿಗೆ, ಇನ್ನೊಂದು ಬಿಡಿಗೆ ಅಂತ ಯಾರೂ ಒಟ್ಟಿಗೆ ಕೂರಿಸಿ ಹೇಳಿಕೊಟ್ಟಿಲ್ಲ.

ನಾನು ಉತ್ತರ ಬರೆದೆ. ‘ರಿಸರ್ಚ್’ ಅನ್ನುವುದು ಶಿಯಾಂಗ್ ಇಲ್ಲದ ಯಾನ್‌ಜಿಯೂ. ‘ಎ ಸ್ಟಡಿ’ ಅಂದರೆ ಯೀ ಶಿಯಾಂಗ್ ಯಾನ್‌ಜಿಯೂ, ಶಿಯಾಂಗ್ ಒಳಗೇ ಸೇರಿಕೊಂಡಿದೆ. ನಿಮಗೆ ‘ರಿಸರ್ಚ್’ ಪದವೇ ಬೇಕು ಅಂದರೆ ‘ಎ ಪೀಸ್ ಆಫ್ ರಿಸರ್ಚ್’ ಅನ್ನಿ, ಆ ‘ಪೀಸ್’ ನಿಮ್ಮ ಶಿಯಾಂಗೇ. ಸಂಜೆಯೊಳಗೆ ಒಂದೇ ಸಾಲಿನ ಉತ್ತರ ಬಂತು: ‘ಇಷ್ಟು ವರ್ಷ ಯಾಕೆ ಯಾರೂ ಹೀಗೆ ಹೇಳಲಿಲ್ಲ?’

ಯಾಕೆ ಹೇಳಲಿಲ್ಲ ಅಂದರೆ, ತರಗತಿಯಲ್ಲಿ ಇದನ್ನು ಪಟ್ಟಿಯಾಗಿ ಕೊಡುತ್ತಾರೆ. ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ನ್ಯೂಸ್, ಇಕ್ವಿಪ್‌ಮೆಂಟ್: ಇವು ಎಣಿಸಲಾಗದ ನಾಮಪದಗಳು, ಬಾಯಿಪಾಠ ಮಾಡಿ. ನಮಗೂ ಹಾಗೆಯೇ ಹೇಳಿದ್ದು. ಎಣಿಸಲಾಗದ್ದು ಅಂದರೆ ಮಕ್ಕಳು ಗಾಳಿ, ನೀರು ಅಂತ ನೆನೆಯುತ್ತಾರೆ. ನಾಲ್ಕು ಕುರ್ಚಿ ಕಣ್ಣೆದುರಿಗೇ ಇರುವಾಗ ಫರ್ನಿಚರ್ ಎಣಿಸಲಾಗದ್ದು ಅಂದರೆ ಯಾರು ನಂಬಬೇಕು? ವಿದೇಶಿಯರಿಗೆ ಚೀನೀ ಕಲಿಸುವಾಗ ಪುಸ್ತಕಕ್ಕೆ ಬೆನ್, ಹಾವಿಗೆ ತಿಯಾವ್ ಅಂತ ಜೊತೆಜೊತೆಗೇ ಕಲಿಸುವ ಮೇಷ್ಟ್ರುಗಳು, ತಮ್ಮ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗಲೂ ಅದನ್ನೇ ಮಾಡಬಹುದಿತ್ತು. ಸಲಕರಣೆ ಅವರ ಭಾಷೆಯಲ್ಲೇ ಇತ್ತು.

ಟೋಕಿಯೋದ ಎರಡು ಅಕ್ಷರ

ನಿಘಂಟಿನಲ್ಲಿ ನಾಮಪದದ ಪಕ್ಕ ಚೌಕದೊಳಗೆ ‘ಸಿ’ ಅಥವಾ ‘ಯು’ ಅಂತ ಇರುತ್ತದಲ್ಲ, ಎಣಿಸಬಹುದು, ಎಣಿಸಬಾರದು ಅಂತ. ಆ ಗುರುತು ಇಂಗ್ಲೆಂಡಿನವರು ತಮಗಾಗಿ ಮಾಡಿಕೊಂಡದ್ದಲ್ಲ. ಅವರಿಗೆ ಅದು ಬೇಕೂ ಇರಲಿಲ್ಲ. ಎ. ಎಸ್. ಹಾರ್ನ್‌ಬಿ ಎಂಬುವರು 1924ರಲ್ಲಿ ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದರು. ಟೋಕಿಯೋದಲ್ಲಿ ಹೆರಾಲ್ಡ್ ಪಾಮರ್ ಎಂಬುವರ ಜೊತೆ ಸೇರಿ, ಏಷ್ಯಾದ ಮಕ್ಕಳಿಗೆ ಇಂಗ್ಲಿಷ್ ಎಲ್ಲಿ ಎಡವಿಸುತ್ತದೆ ಅಂತ ವರ್ಷಗಟ್ಟಲೆ ನೋಡಿದರು. ಜಪಾನೀ ಭಾಷೆಯಲ್ಲೂ ‘ಎಸ್’ ಇಲ್ಲ, ಎಣಿಕೆಗೆ ಅಳತೆ ಪದ ಬೇಕು. ಅವರ ನಿಘಂಟು ಅಚ್ಚಾಗಿದ್ದು 1942ರಲ್ಲಿ, ಟೋಕಿಯೋದಲ್ಲೇ, ಯುದ್ಧದ ನಡುವೆ. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಎತ್ತಿಕೊಂಡಿತು. ಅದರ ವಂಶದ ಇಂಗ್ಲಿಷ್-ಚೀನೀ ನಿಘಂಟನ್ನು ಬೀಜಿಂಗ್‌ನ ಕಮರ್ಷಿಯಲ್ ಪ್ರೆಸ್ ತರುತ್ತದೆ. ನಮ್ಮ ಮನೆಗಳಲ್ಲೂ ಆಕ್ಸ್‌ಫರ್ಡಿನ ದಪ್ಪ ಪುಸ್ತಕ ಒಂದು ಇರುತ್ತಿತ್ತಲ್ಲ, ಅದೇ ಸಂತತಿ.

ಹಾರ್ನ್‌ಬಿ ಮೇಲೆ ನನಗೆ ಗೌರವ ಇದೆ. ಆದರೆ ‘ಯು’ ಅನ್ನುವ ಒಂದು ಅಕ್ಷರ ‘ಬೇಡ’ ಅನ್ನುತ್ತದೆಯೇ ಹೊರತು ‘ಹಾಗಾದರೆ ಏನು’ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಉದಾಹರಣೆ ವಾಕ್ಯ ಓದಬೇಕು. ಪರೀಕ್ಷೆಗೆ ಓದುವವರು ಉದಾಹರಣೆ ಓದುತ್ತಾರಾ?

ಇನ್ನೂ ಒಂದು ತಮಾಷೆ ಇದೆ. ಈ ‘ರಿಸರ್ಚಸ್’ ಯಾವಾಗಲೂ ತಪ್ಪಾಗಿರಲಿಲ್ಲ. 1788ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ತನ್ನ ಪತ್ರಿಕೆಯ ಮೊದಲ ಸಂಪುಟ ತಂದಾಗ ಅದಕ್ಕೆ ಇಟ್ಟ ಹೆಸರು ‘ಏಷ್ಯಾಟಿಕ್ ರಿಸರ್ಚಸ್’. ಆ ಸೊಸೈಟಿ ಕಟ್ಟಿದ ವಿಲಿಯಂ ಜೋನ್ಸ್ ಅವರಿಗಿಂತ ಇಂಗ್ಲಿಷ್ ಚೆನ್ನಾಗಿ ಗೊತ್ತು ಅಂತ ನಾನಂತೂ ಹೇಳಲಾರೆ. ಮೈಕೆಲ್ ಫ್ಯಾರಡೆ ವಿದ್ಯುತ್ತಿನ ಬಗ್ಗೆ ಬರೆದ ಸಂಪುಟಗಳ ಹೆಸರಿನಲ್ಲೂ ‘ಎಕ್ಸ್‌ಪರಿಮೆಂಟಲ್ ರಿಸರ್ಚಸ್’ ಅಂತಲೇ ಇದೆ. ಅಂದರೆ ವುಹಾನ್‌ನ ಬ್ಯಾಟರಿ ಸಂಶೋಧಕ ಬರೆದದ್ದು ಫ್ಯಾರಡೆಯ ಇಂಗ್ಲಿಷ್. ತಪ್ಪು ಅನ್ನುವುದಕ್ಕಿಂತ ಹಳತು ಅನ್ನಬೇಕು. ಹಾಗಂತ ನಾನು ಬಿಡುವುದಿಲ್ಲ, ಅಳಿಸುತ್ತೇನೆ. ಪತ್ರಿಕೆಯ ವಿಮರ್ಶಕರು ಅದೊಂದು ಅಕ್ಷರ ನೋಡಿ ‘ಭಾಷೆ ಸರಿಯಿಲ್ಲ’ ಅಂತ ಬರೆದುಬಿಟ್ಟರೆ ಆರು ತಿಂಗಳ ಕೆಲಸ ವಾಪಸ್ ಬರುತ್ತದೆ. ನಿಯಮ ನ್ಯಾಯವಾಗಿದೆ ಅಂತ ಅಲ್ಲ, ಅವರ ಪೇಪರ್ ಅಚ್ಚಾಗಬೇಕು ಅಂತ.

ಇತ್ತೀಚೆಗೆ ಬರುವ ಫೈಲುಗಳಲ್ಲಿ ‘ರಿಸರ್ಚಸ್’ ಕಡಿಮೆಯಾಗುತ್ತಿದೆ. ಎಐ ಮೊದಲೇ ಒರೆಸಿ ಕಳಿಸಿರುತ್ತದೆ. ಒಂದು ಸಲ ಹಾಗೆ ಬಂದ ಪ್ರಬಂಧದ ಉಲ್ಲೇಖಗಳಲ್ಲಿ ಫ್ಯಾರಡೆಯ ಪುಸ್ತಕದ ಹೆಸರಿನ ‘ಎಸ್’ ಕೂಡ ಹಾರಿಹೋಗಿತ್ತು. ಅದನ್ನು ಮತ್ತೆ ಹಚ್ಚಿದೆ. ನನ್ನ ಕೂಲಿ ಇನ್ನು ಮುಂದೆ ಇಂಥದ್ದರಲ್ಲೇ ಇರಬಹುದು.

ಚೆಂಗ್ಡುವಿನವರು ಈಗಲೂ ಆಗಾಗ ಬರೆಯುತ್ತಾರೆ. ಇಂಗ್ಲಿಷ್ ನಾಮಪದಗಳಿಗೆ ಅಳತೆ ಪದಗಳ ಪಟ್ಟಿಯೊಂದನ್ನು ತಾವೇ ಎಕ್ಸೆಲ್‌ನಲ್ಲಿ ಮಾಡುತ್ತಿದ್ದಾರೆ. ಎವಿಡೆನ್ಸ್‌ಗೆ ಪೀಸ್, ಇಕ್ವಿಪ್‌ಮೆಂಟಿಗೆ ಪೀಸ್, ಡೇಟಾಗೆ ಸೆಟ್. ಎಲ್ಲದಕ್ಕೂ ಪೀಸ್ ಹಾಕುವುದಾದರೆ ಇಂಗ್ಲಿಷಿನವರು ಸೋಮಾರಿಗಳು ಅಂತ ಅವರ ಅಭಿಪ್ರಾಯ. ಹೋದ ವಾರ ‘ಪ್ರೋಗ್ರೆಸ್’ಗೆ ಏನು ಅಂತ ಕೇಳಿದರು. ಅದಕ್ಕೆ ಪೀಸ್ ಒಗ್ಗುವುದಿಲ್ಲ. ‘ಸಮ್ ಪ್ರೋಗ್ರೆಸ್’, ‘ಮಚ್ ಪ್ರೋಗ್ರೆಸ್’ ಅನ್ನಬಹುದು, ಬಿಡಿಯಾಗಿ ಒಂದು ಎತ್ತಿಕೊಳ್ಳಲು ಆಗುವುದಿಲ್ಲ. ಬೇಕಾದರೆ ಪದವನ್ನೇ ಬದಲಾಯಿಸಿ ‘ಆನ್ ಅಡ್ವಾನ್ಸ್’ ಅನ್ನಬೇಕು ಅಂತ ಬರೆದೆ. ಅವರು ಒಪ್ಪಿಲ್ಲ. ಚೀನೀ ಭಾಷೆಯಲ್ಲಿ ಪ್ರಗತಿಯನ್ನೂ ಎಣಿಸುತ್ತೇವೆ, ಇಂಗ್ಲಿಷಿನಲ್ಲಿ ಏನಾದರೂ ಇದ್ದೇ ಇರಬೇಕು, ನೀವು ಇನ್ನೊಂದು ಸಲ ಹುಡುಕಿ ಟೀಚರ್ ಅಂತ ಗಂಟು ಬಿದ್ದಿದ್ದಾರೆ.